ಒಂಟಿ ನೆಲ್ಲಿಗೆ ಜೊತೆ ಬೇಕು



“ಹಿತ್ತಲ ಕಸಿ ನೆಲ್ಲಿ 7 ವರ್ಷದ್ದು. ಹೂ ಬಿಡ್ತದೆ, ಕಾಯಿ ಕಚ್ಚೋದಿಲ್ಲ. ಕಡಿದುಬಿಡ್ಲಾ ಸ್ವಾಮಿ?” ಎಂದು ರೈತರೊಬ್ಬರು ಕೇಳಿದರು. ಕೊಡಲಿ ಕೆಳಗಿಡಿ ಎಂದೆ.

ಕಸಿ ನೆಲ್ಲಿ 4–5 ವರ್ಷಕ್ಕೆ ಫಲ ಕೊಡಬೇಕು. ಗಂಡುಹೂ, ಹೆಣ್ಣುಹೂ ಎರಡೂ ಒಂದೇ ಮರದಲ್ಲಿರುತ್ತವೆ, ನಿಜ. ಆದರೆ ತನ್ನದೇ ಪರಾಗದಿಂದ ಕಾಯಿ ನಿಲ್ಲುವುದು ಬಹಳ ಕಡಿಮೆ. ಬೇರೆ ತಳಿಯ ಪರಾಗವನ್ನು ಜೇನುನೊಣ ತರಬೇಕು. ಆದ್ದರಿಂದ ಕೃಷ್ಣ ತಳಿಯಿದ್ದರೆ ಚಕೈಯವನ್ನೋ ಕಾಂಚನವನ್ನೋ ಜೊತೆಗೆ ಹಾಕಿ. ಅದೇ ತಳಿಯ ಇನ್ನೊಂದು ಗಿಡ ಹಾಕಿದರೆ ಪ್ರಯೋಜನವಿಲ್ಲ.

ಮುಂಗಾರು ಹಿಡಿದಾಗ 20 ಅಡಿ ದೂರದಲ್ಲಿ 3 ಅಡಿ ಗುಂಡಿ ತೆಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಿ. ಮೊದಲ ಬೇಸಿಗೆಗಳಲ್ಲಿ ನೀರು ತಪ್ಪಿಸಬೇಡಿ. ಹೂವಿದ್ದಾಗ ಕೀಟನಾಶಕ ಸಿಂಪಡಿಸಬೇಡಿ. ಜೇನು ಸತ್ತರೆ ಫಲವೆಲ್ಲಿ?

ಜಾಗವಿಲ್ಲದವರು ನೆರೆಮನೆಯವರಿಗೆ ಬೇರೆ ತಳಿ ನೆಡಲು ಹೇಳಿ. ಇಬ್ಬರ ಉಪ್ಪಿನಕಾಯಿ ಭರಣಿಯೂ ತುಂಬೀತು.