ನೌಕರಿ ಹೋದ ಮೇಲೆ ವೀಸಾ ಖರ್ಚಿನ ತಗಾದೆ

ಬೆಂಗಳೂರು ಮೈಸೂರುಗಳಿಂದ ಅಮೆರಿಕಕ್ಕೂ ಬ್ರಿಟನ್ನಿಗೂ, ಮಂಗಳೂರು ಭಟ್ಕಳಗಳ ಕಡೆಯಿಂದ ಕೊಲ್ಲಿಯ ದೇಶಗಳಿಗೂ ನಮ್ಮವರು ನೌಕರಿಯನ್ನರಸಿ ಹೋಗುತ್ತಲೇ ಇದ್ದಾರೆ. ಹೊರಡುವಾಗ ಮನೆಮಂದಿಯೆಲ್ಲರೂ ಸಂಬಳದ ಅಂಕೆಯನ್ನು ನೋಡುವರಲ್ಲದೆ ಕರಾರಿನ ಕೊನೆಯ ಪುಟವನ್ನು ಓದುವವರು ವಿರಳ. ನೌಕರಿ ಹೋದ ದಿನ ಆ ಪುಟವೇ ಮುಂದಕ್ಕೆ ಬರುತ್ತದೆ. ವೀಸಾಕ್ಕಾಗಿ ಮಾಡಿದ ವೆಚ್ಚವನ್ನು ಹಿಂದಿರುಗಿಸತಕ್ಕದ್ದೆಂದು ಧಣಿಯ ಕಾಗದ ಬಂದರೆ, ಮಾನಕ್ಕಂಜುವ ಸಂಸಾರಸ್ಥರು ಒಡವೆಯನ್ನು ಅಡವಿಟ್ಟಾದರೂ ಹಣವನ್ನು ತೆರಲು ಮುಂದಾಗುವುದುಂಟು. ಅದಕ್ಕೆ ಮೊದಲು ವಿಚಾರಿಸಬೇಕಾದುದು ಒಂದೇ: ಕೇಳಿದ ಹಣವೆಲ್ಲವೂ ಕೊಡಬೇಕಾದ ಹಣವೇ?

ಅಮೆರಿಕದಲ್ಲಿ ನಮ್ಮ ತಂತ್ರಜ್ಞರು ಹೆಚ್ಚಾಗಿ ಪಡೆಯುವುದು ಎಚ್-೧ಬಿ ವೀಸಾವನ್ನು. ಇದಕ್ಕೆ ಮನವಿ ಸಲ್ಲಿಸುವವನು ಧಣಿಯೇ ಹೊರತು ನೌಕರನಲ್ಲ. ಆದುದರಿಂದ ಆ ಮನವಿಯ ಶುಲ್ಕವನ್ನೂ ಅದನ್ನು ಸಿದ್ಧಪಡಿಸಿದ ವಕೀಲರ ಫೀಜನ್ನೂ ಅಲ್ಲಿಯ ಕಾರ್ಮಿಕ ಇಲಾಖೆಯ ನಿಯಮವು ಧಣಿಯ ವ್ಯಾಪಾರದ ಖರ್ಚೆಂದೇ ಎಣಿಸುತ್ತದೆ. ಇವನ್ನು ಮುರಿದುಕೊಂಡು, ಕಾಯಿದೆ ಗೊತ್ತುಮಾಡಿದ ಸಂಬಳಕ್ಕಿಂತ ಕಡಮೆ ಕೊಡುವಂತಿಲ್ಲ. ಈ ಶುಲ್ಕಗಳಲ್ಲಿ ತರಬೇತಿಯ ನಿಧಿಗೆ ಸೇರುವುದೊಂದುಂಟು: ೨೫ ಮಂದಿಯವರೆಗೆ ನೌಕರರಿರುವ ಸಂಸ್ಥೆಗೆ ೭೫೦ ಡಾಲರು, ಅದಕ್ಕೆ ಮೇಲ್ಪಟ್ಟರೆ ೧೫೦೦ ಡಾಲರು. ಇದನ್ನು ಯಾವ ಹೆಸರಿನಿಂದಲೂ ನೌಕರನಿಂದ ವಸೂಲು ಮಾಡಕೂಡದು. ನೌಕರನು ಅವಧಿಗೆ ಮುನ್ನ ತಾನಾಗಿ ಬಿಟ್ಟುಹೋದರೂ ದಂಡ ಹಾಕುವುದು ನಿಷಿದ್ಧ. ಕರಾರಿನಲ್ಲಿ ಮೊದಲೇ ಗೊತ್ತುಮಾಡಿಕೊಂಡ, ನಷ್ಟಕ್ಕೆ ಸರಿದೂಗುವ ಪರಿಹಾರವನ್ನು ಮಾತ್ರ, ಆಯಾ ಸಂಸ್ಥಾನದ ಕಾನೂನು ಒಪ್ಪಿದಲ್ಲಿ, ಕೇಳಬಹುದು. ಧಣಿಯೇ ಅವಧಿಗೆ ಮುನ್ನ ತೆಗೆದುಹಾಕಿದರಂತೂ ಋಣದ ಮುಖವೇ ತಿರುಗುತ್ತದೆ. ನೌಕರನು ಸ್ವದೇಶಕ್ಕೆ ಮರಳುವ ಪ್ರಯಾಣದ ಯುಕ್ತ ವೆಚ್ಚವನ್ನು ಅವನೇ ಕೊಡಬೇಕು.

ಬ್ರಿಟನ್ನಿನಲ್ಲಿ ಗೆರೆಯನ್ನು ಬೇರೆ ಕಡೆ ಎಳೆದಿದ್ದಾರೆ. ಪರದೇಶದ ನೌಕರನನ್ನು ಕರೆಸಿಕೊಳ್ಳುವ ಸಂಸ್ಥೆಯು ೨೦೧೭ರಿಂದ ಸರ್ಕಾರಕ್ಕೆ ತೆರುತ್ತಿರುವ ಕೌಶಲ್ಯ ಸುಂಕವನ್ನು ನೌಕರನ ಮೇಲೆ ಹೊರಿಸುವಂತಿಲ್ಲ. ೨೦೨೪ರ ಡಿಸೆಂಬರ್ ೩೧ರಿಂದ, ಕುಶಲ ನೌಕರರ ವೀಸಾದಲ್ಲಿ, ಧಣಿಯ ಲೈಸೆನ್ಸಿನ ಮತ್ತು ಪ್ರಾಯೋಜನದ ಸರ್ಟಿಫಿಕೇಟಿನ ಶುಲ್ಕಗಳಿಗೂ ಇದೇ ನಿಷೇಧ ಅನ್ವಯಿಸಿತು. ಆದರೆ ನೌಕರನ ಸ್ವಂತ ವೀಸಾ ಅರ್ಜಿಯ ಶುಲ್ಕವನ್ನೂ ಆರೋಗ್ಯ ಸುಂಕವನ್ನೂ ಧಣಿಯು ಕೊಟ್ಟಿದ್ದು, ಹಿಂದಿರುಗಿಸುವ ಮಾತು ಕರಾರಿನಲ್ಲಿದ್ದರೆ, ಆ ತಗಾದೆಗೆ ಬಲವುಂಟು. ಕೊಲ್ಲಿಯ ದೇಶಗಳ ಪೈಕಿ ಸಂಯುಕ್ತ ಅರಬ್ ಎಮಿರೇಟಿನ ೨೦೨೧ರ ಕಾರ್ಮಿಕ ಶಾಸನವು ನೇಮಕದ ವೆಚ್ಚವನ್ನು ನೇರವಾಗಿಯಾಗಲಿ ಬಳಸುದಾರಿಯಿಂದಾಗಲಿ ನೌಕರನಿಂದ ಪಡೆಯುವುದನ್ನು ನಿಷೇಧಿಸಿದೆ. ಸೌದಿ ಅರೇಬಿಯದಲ್ಲಿಯೂ ವಾಸದ ಮತ್ತು ಕೆಲಸದ ಪರವಾನಗಿಗಳ ಶುಲ್ಕ ಧಣಿಯದೇ.

ಇಷ್ಟು ಕಾನೂನಿದ್ದೂ ಜನರು ಹಣ ತೆರುವುದೇಕೆ? ಭಯದಿಂದ. ಎಚ್-೧ಬಿ ನೌಕರನಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ ೬೦ ದಿನಗಳ ಗಡುವು; ವೀಸಾದ ಅವಧಿ ಅದಕ್ಕೂ ಮುಂಚೆ ತೀರಿದರೆ ಅಷ್ಟೂ ಇಲ್ಲ. ಅಷ್ಟರಲ್ಲಿ ಬೇರೆ ಧಣಿಯನ್ನು ಹುಡುಕಬೇಕು, ಇಲ್ಲವೆ ಗಂಟುಮೂಟೆ ಕಟ್ಟಬೇಕು. ಮಕ್ಕಳ ಶಾಲೆ, ಮನೆಯ ಬಾಡಿಗೆ ಇವುಗಳ ಚಿಂತೆಯಲ್ಲಿರುವವನು ಎದುರಿಗಿಟ್ಟ ಕಾಗದಕ್ಕೆ ರುಜು ಹಾಕಿಬಿಡುತ್ತಾನೆ.

ಆದುದರಿಂದ ಗೃಹಸ್ಥರು ನೆನಪಿಡತಕ್ಕ ಮಾತುಗಳು ಇಷ್ಟು. ಧಣಿಯ ಕಾಗದವು ನ್ಯಾಯಸ್ಥಾನದ ಡಿಕ್ರಿಯಲ್ಲ. ಒಟ್ಟು ಮೊತ್ತವನ್ನು ಒಪ್ಪದೆ, ಯಾವ ಬಾಬಿಗೆ ಎಷ್ಟೆಂಬ ಲೆಕ್ಕವನ್ನು ಬರಹದಲ್ಲಿ ಕೇಳಬೇಕು. ಕೊನೆಯ ಸಂಬಳದಲ್ಲಿ ಏನು ಮುರಿದಿದ್ದಾರೆಂಬುದನ್ನು ನೋಡಿ, ಆ ಚೀಟಿಯನ್ನೂ ಕರಾರಿನ ಪ್ರತಿಯನ್ನೂ ಜೋಪಾನವಾಗಿಡಬೇಕು. ಅಮೆರಿಕದಲ್ಲಿ ಇಂತಹ ದೂರನ್ನು ಕಾರ್ಮಿಕ ಇಲಾಖೆಗೆ ೧೨ ತಿಂಗಳೊಳಗೆ ಕೊಡಬೇಕು. ಊರು ಬದಲಿಸಲು ಕೈಗಡವಾಗಿ ಪಡೆದ ಹಣದಂತಹುದು ನಿಜವಾದ ಸಾಲವಾದರೆ ಅದನ್ನು ತೀರಿಸುವುದೇ ಧರ್ಮ. ಆದರೆ ತನ್ನ ಕೆಲಸಕ್ಕಾಗಿ ಆಳನ್ನು ಕರೆಸಿಕೊಂಡ ಖರ್ಚನ್ನು, ಆಳನ್ನು ಹೊರಕ್ಕೆ ಕಳುಹಿಸಿದ ಮೇಲೆ ಅವನ ತಲೆಗೆ ಕಟ್ಟುವುದು ಸಾಲವಲ್ಲ. ಇವೆರಡರ ಅಂತರವನ್ನು ಕರಾರಿಗೆ ರುಜು ಹಾಕುವ ದಿನವೇ ಮನೆಯಲ್ಲಿ ಕುಳಿತು ಓದಿ ತಿಳಿದುಕೊಂಡರೆ, ಮುಂದೆ ಒಡವೆಯು ಪೆಟ್ಟಿಗೆಯಲ್ಲಿಯೇ ಉಳಿದೀತು.