ಲಾರಿ ಚಾಲಕನ ಊಟದ ಲೆಕ್ಕ ಇಟ್ಟವರಾರು?

ಸರ್ಕಾರಿ ಸೇವೆಯಲ್ಲಿದ್ದಾಗ ಜಿಲ್ಲಾ ಮಟ್ಟದ ರಸ್ತೆ ಸುರಕ್ಷತಾ ಸಭೆಗಳಲ್ಲಿ ನಾನು ಹಲವು ವರ್ಷ ಕುಳಿತಿದ್ದೇನೆ. ಅಪಘಾತಗಳ ಪಟ್ಟಿ ಮುಂದಿರುತ್ತಿತ್ತು. ಸಮಯದ ಕಾಲಂನಲ್ಲಿ ರಾತ್ರಿ ಎರಡು, ಮೂರೂವರೆ, ಬೆಳಗಿನ ಜಾವ ನಾಲ್ಕೂಕಾಲು ಎಂಬ ನಮೂದುಗಳು ಮತ್ತೆ ಮತ್ತೆ ಬರುತ್ತಿದ್ದವು. ಕಾರಣದ ಕಾಲಂನಲ್ಲಿ ಮಾತ್ರ ಒಂದೇ ಒಕ್ಕಣೆ: 'ಚಾಲಕನ ನಿರ್ಲಕ್ಷ್ಯ'. ತಿರುವು, ದೀಪ, ಫಲಕಗಳ ಬಗ್ಗೆ ಚರ್ಚಿಸಿ, ನಡಾವಳಿಗೆ ಸಹಿ ಮಾಡಿ ಏಳುತ್ತಿದ್ದೆವು. ಆ ಚಾಲಕ ಕೊನೆಯ ಬಾರಿ ಉಂಡದ್ದು ಯಾವಾಗ, ಉಂಡದ್ದಾದರೂ ಏನು ಎಂದು ನಾನು ಕೇಳಲಿಲ್ಲ, ಇತರರೂ ಕೇಳಲಿಲ್ಲ. ಆ ಪ್ರಶ್ನೆಗೆ ನಮೂನೆಯಲ್ಲಿ ಜಾಗವೇ ಇರಲಿಲ್ಲ.

ಈಚೆಗೆ ದಾವಣಗೆರೆಯಲ್ಲಿ ಮದುವೆ ಮುಗಿಸಿ ರಾತ್ರಿ ಬೆಂಗಳೂರಿಗೆ ಮರಳುವಾಗ ಹಿರಿಯೂರಿನ ಆಸುಪಾಸಿನ ಢಾಬಾವೊಂದರಲ್ಲಿ ಚಹಾಕ್ಕೆಂದು ಇಳಿದೆ. ಗಂಟೆ ಒಂದು ದಾಟಿತ್ತು. ಎದುರಿನ ಬೆಂಚಿನಲ್ಲಿ ಕುಳಿತಿದ್ದ ಗದಗ ಕಡೆಯ ಚಾಲಕರೊಬ್ಬರು ಹುಬ್ಬಳ್ಳಿಯಿಂದ ಈರುಳ್ಳಿ ಹೇರಿಕೊಂಡು ಯಶವಂತಪುರದ ಮಾರುಕಟ್ಟೆಗೆ ಹೊರಟಿದ್ದರು. ಢಾಬಾದವನಿಂದ ಮೊಸರು ಮಾತ್ರ ಪಡೆದು, ಬಟ್ಟೆಯ ಗಂಟಿನಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದರು. ನನಗೂ ಒಂದು ರೊಟ್ಟಿ ಮುಂದೆ ಮಾಡಿದರು. ಮೂರು ವರ್ಷದ ಹಿಂದೆ ಅವರಿಗೆ ಸಕ್ಕರೆ ಕಾಯಿಲೆ ಪತ್ತೆಯಾಗಿದೆಯಂತೆ. "ಹೊಟ್ಟಿ ತುಂಬ ಉಂಡ್ರ ಕಣ್ಣ ಎಳೀತಾವ್ರಿ ಯಜಮಾನ್ರ, ಉಣದಿದ್ರ ಕೈ ನಡಗತಾವ್ರಿ. ನಡುವಿನ ದಾರಿ ಹುಡಕೂದ್ರಾಗ ಇಪ್ಪತ್ತ ವರ್ಷ ಆತ್ರಿ" ಎಂದರು.

ಅವರು ಹೇಳಿದ್ದು ವೈದ್ಯವಿಜ್ಞಾನಕ್ಕೂ ಒಪ್ಪುವ ಮಾತೇ. ನಮ್ಮ ದೇಹದೊಳಗಿನ ಗಡಿಯಾರ ಹೇಗೆ ನಡೆಯುತ್ತದೆಂಬುದನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರ ವೈದ್ಯಕೀಯ ನೊಬೆಲ್ ಸಂದಿತು. ಅದೇ ಊಟವನ್ನು ಬೆಳಿಗ್ಗೆ ಉಂಡಾಗ ಏರುವುದಕ್ಕಿಂತ ರಾತ್ರಿ ಉಂಡಾಗ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ. ರಾತ್ರಿ ಎರಡರಿಂದ ಐದರವರೆಗೆ ದೇಹ ನಿದ್ದೆಯನ್ನು ಬಲವಾಗಿ ಬೇಡುತ್ತದೆ. ಎಣ್ಣೆ ಕಾರುವ ಪರೋಟ, ದಪ್ಪ ಸಾರು ಉಂಡು ಆ ಹೊತ್ತಿಗೆ ಚಕ್ರ ಹಿಡಿದವನ ಪಾಡು ಊಹಿಸಬಹುದು. ನಿದ್ದೆ ಓಡಿಸಲು ಆರು ಲೋಟ ಚಹಾ ಕುಡಿದರೆ, ಲೋಟಕ್ಕೆ ಎರಡು ಚಮಚದಂತೆ ಸುಮಾರು 60 ಗ್ರಾಂ ಸಕ್ಕರೆ ಹೊಟ್ಟೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ದಿನದ ಮಿತಿ ಸುಮಾರು 50 ಗ್ರಾಂ. 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದೆಂಬುದು ಅದರ ಸಲಹೆ.

ಹಾಗಾದರೆ ಚಾಲಕರು ಸರಿಯಾಗಿ ಏಕೆ ಉಣ್ಣುವುದಿಲ್ಲ? ತಿಳಿವಳಿಕೆಯ ಕೊರತೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅರ್ಥಶಾಸ್ತ್ರ ಓದಿದ ನನಗೆ ಇಲ್ಲಿ ಕಾಣುವುದು ಬೇರೆಯೇ ಲೆಕ್ಕ.

ಮೊದಲನೆಯದು ಬತ್ತಾ. ಸಾಮಾನ್ಯವಾಗಿ ಮಾಲೀಕರು ಟ್ರಿಪ್ಪಿಗೆ ಇಷ್ಟೆಂದು ಕೈಗೆ ಹಣ ಕೊಡುತ್ತಾರೆ. ಊಟದ ಖರ್ಚು ಅದರೊಳಗೇ. ಉಳಿದದ್ದು ಚಾಲಕನದು. ಅಂದರೆ ಉಣ್ಣದೆ ಉಳಿಸಿದ ಪ್ರತಿ ರೂಪಾಯಿ ಮಗಳ ಶುಲ್ಕಕ್ಕೋ ಸಾಲದ ಕಂತಿಗೋ ಹೋಗುತ್ತದೆ. ಹಸಿವಿಗೆ ಬಹುಮಾನ ಕೊಡುವ ಇಂಥ ವ್ಯವಸ್ಥೆಯಲ್ಲಿ ಹಣ್ಣು, ಮೊಸರು, ಸೊಪ್ಪು ದುಂದುವೆಚ್ಚವಾಗಿ ಕಾಣುವುದು ಸಹಜ.

ಎರಡನೆಯದು ಜಾಗ. ಲಾರಿಯವನು ಹೋಟೆಲನ್ನು ರುಚಿ ನೋಡಿ ಆರಿಸುವುದಿಲ್ಲ, ಲಾರಿ ನಿಲ್ಲಿಸಲು ಸ್ಥಳ ಇದೆಯೇ, ಸರಕು, ಡೀಸೆಲ್ ಕಳವಾಗದೇ ಎಂಬುದನ್ನು ನೋಡಿ ಆರಿಸುತ್ತಾನೆ. ಹಿಂದೆ ಹೆದ್ದಾರಿ ಊರೊಳಗೇ ಹಾದುಹೋಗುತ್ತಿತ್ತು; ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆಯ ಹೋಟೆಲುಗಳು ದಾರಿಯಲ್ಲೇ ಸಿಗುತ್ತಿದ್ದವು. ಸುವರ್ಣ ಚತುಷ್ಪಥದ ನಂತರ ತುಮಕೂರು, ಶಿರಾ, ದಾವಣಗೆರೆಗಳು ಬೈಪಾಸಿನ ಆಚೆಗೆ ಸರಿದವು. ವೇಗ ಹೆಚ್ಚಿತು, ಒಪ್ಪತ್ತಿನ ಊಟ ದೂರವಾಯಿತು. ಶೌಚಾಲಯವಿಲ್ಲದೆ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರೂ ಇದ್ದಾರೆ.

ಮೂರನೆಯದು ಸಮಯ. ಬೆಂಗಳೂರಿನಲ್ಲಿ ಹಗಲಿನ ದಟ್ಟಣೆಯ ಹೊತ್ತು ಭಾರಿ ಸರಕು ವಾಹನಗಳಿಗೆ ನಿರ್ಬಂಧವಿದೆ. ಬೆಳಗಿನ ಹರಾಜಿಗೆ ಸರಕು ತಲುಪಲೇಬೇಕು. ನಮ್ಮ ತರಕಾರಿ ತಾಜಾ ಆಗಿರಲೆಂದು ಅವನ ಊಟ ತಂಗಳಾಗುತ್ತದೆ.

ಕಾನೂನು ಸುಮ್ಮನಿರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ, ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಎಂದು ವಿಧಿಸಿತ್ತು. ಆದರೆ ಐದು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಉದ್ಯಮಕ್ಕೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೆರಡು ಲಾರಿಗಳ ಸಣ್ಣ ಮಾಲೀಕರೇ ತುಂಬಿರುವ ಕ್ಷೇತ್ರದಲ್ಲಿ ಅದರ ಆಸರೆ ಎಷ್ಟು ಜನಕ್ಕೆ ಸಿಕ್ಕೀತು? ಆ ಕಾಯ್ದೆಯನ್ನು ಒಳಗೊಂಡ 2020ರ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂದಿದೆ. ಹೆದ್ದಾರಿಗಳಲ್ಲಿ ಚಾಲಕರಿಗಾಗಿ ಊಟ, ನೀರು, ಶೌಚಾಲಯ, ವಿಶ್ರಾಂತಿ ಇರುವ 1,000 ತಾಣಗಳನ್ನು ನಿರ್ಮಿಸುವುದಾಗಿ ಪ್ರಧಾನಿ 2024ರ ಫೆಬ್ರುವರಿಯಲ್ಲಿ ಪ್ರಕಟಿಸಿದರು. 2025ರ ಅಕ್ಟೋಬರಿನಿಂದ ತಯಾರಾಗುವ ಟ್ರಕ್ಕುಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಇವೆಲ್ಲ ಸ್ವಾಗತಾರ್ಹ. ಆದರೆ ಕ್ಯಾಬಿನ್ ತಂಪಾದ ಮಾತ್ರಕ್ಕೆ ಹೊಟ್ಟೆ ತುಂಬದು.

ಮಾಡಬಹುದಾದ ಕೆಲಸಗಳು ದುಬಾರಿಯವೇನಲ್ಲ. ಊಟದ ಹಣವನ್ನು ಬತ್ತಾದಿಂದ ಬೇರ್ಪಡಿಸಿ, ಹೆದ್ದಾರಿಯ ಹೋಟೆಲುಗಳಲ್ಲಿ ಊಟಕ್ಕೆ ಮಾತ್ರ ಸಲ್ಲುವ ಕೂಪನ್ ಕೊಡಬಹುದು. ಆಗ ಉಪವಾಸದಿಂದ ಉಳಿತಾಯವಾಗದು. ಟೋಲ್ ಪ್ಲಾಜಾಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಅಂತರವಿರಬೇಕೆಂಬುದು ನಿಯಮ. ಎರಡು ಪ್ಲಾಜಾಗಳಿಗೊಂದರಂತೆ ಲಾರಿ ನಿಲುಗಡೆ, ಶೌಚಾಲಯ, ರಾತ್ರಿಯಿಡೀ ತೆರೆದ ಅಡುಗೆಮನೆ ಇದ್ದರೆ, ಹೊರೆ ಹೊತ್ತ ಲಾರಿಗೆ ಮೂರು ಗಂಟೆಗೊಮ್ಮೆ ತಂಗುದಾಣ ಸಿಕ್ಕಂತಾಗುತ್ತದೆ. ಸ್ಥಳೀಯ ಮಹಿಳಾ ಸ್ವಸಹಾಯ ಸಂಘಗಳು ಅದನ್ನು ನಡೆಸಬಲ್ಲವು. 2017ರಲ್ಲಿ ಇಂದಿರಾ ಕ್ಯಾಂಟೀನ್ ಆರಂಭಿಸಿ 10 ರೂಪಾಯಿಗೆ ಊಟ ಕೊಟ್ಟ ರಾಜ್ಯಕ್ಕೆ, ಮಾರುಕಟ್ಟೆ ಪ್ರಾಂಗಣಗಳಲ್ಲಿ ರಾತ್ರಿ ಊಟ ಬಡಿಸುವುದು ಅಸಾಧ್ಯವಲ್ಲ.

ಚಾಲಕರೂ ಕೈಲಾದದ್ದನ್ನು ಮಾಡಬಹುದು: ಹೊರಡುವ ಮುನ್ನ, ಏಳೆಂಟು ಗಂಟೆಯೊಳಗೆ ಪೂರ್ಣ ಊಟ, ನಡುರಾತ್ರಿ ರೊಟ್ಟಿಯೋ ಮೊಸರನ್ನವೋ ಹಗುರಾಗಿ, ಜೊತೆಗೆ ಹುರಿಗಡಲೆ, ಶೇಂಗಾ, ಕುಡಿಯಲು ನೀರು, ಚಹಾಕ್ಕೆ ಸಕ್ಕರೆ ಕಡಿಮೆ. ಕಣ್ಣೆಳೆದರೆ ಚಹಾ ಅಲ್ಲ, ಗಾಡಿ ನಿಲ್ಲಿಸಿ ನಿದ್ದೆಯೇ ಮದ್ದು. ಸಕ್ಕರೆ ಕಾಯಿಲೆಯವರು ಮಾತ್ರ ಊಟ, ಮಾತ್ರೆಗಳ ಹೊತ್ತನ್ನು ವೈದ್ಯರಲ್ಲಿ ಕೇಳಿಯೇ ಗೊತ್ತುಮಾಡಿಕೊಳ್ಳಬೇಕು.

ಆ ರಾತ್ರಿ ಸಿಕ್ಕ ಚಾಲಕರಿಗೆ ಬರುವ ವರ್ಷ ಪರವಾನಗಿ ನವೀಕರಣವಿದೆ. ಅದಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕು. "ಕಣ್ಣ ಪಾಸಾದ್ರ ಸಾಕ್ರಿ" ಎಂದು ಗಂಟು ಕಟ್ಟಿ ಎದ್ದರು. ರೊಟ್ಟಿ, ಮೊಸರಿನಿಂದ ಅವರು ಕಾಪಾಡಿಕೊಳ್ಳುತ್ತಿದ್ದುದು ಆರೋಗ್ಯವನ್ನಷ್ಟೇ ಅಲ್ಲ, ಅನ್ನದ ದಾರಿಯನ್ನು.

ಈಗ ಆ ಸಭೆಗಳಲ್ಲಿ ಕೂರುವ ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಅಪಘಾತದ ನಮೂನೆಯಲ್ಲಿ ಎರಡು ಕಾಲಂ ಸೇರಿಸಿ: ಚಾಲಕ ಕೊನೆಯದಾಗಿ ಉಂಡದ್ದು ಯಾವಾಗ, ಮಲಗಿದ್ದು ಯಾವಾಗ. ಇದಕ್ಕೆ ಅನುದಾನ ಬೇಕಿಲ್ಲ. ನಾನು ಅಧಿಕಾರದಲ್ಲಿದ್ದಾಗ ಮಾಡಬಹುದಾಗಿತ್ತು; ಮಾಡಲಿಲ್ಲ.