ಊರಿಗೆ ಹೊರಡುವ ಮುನ್ನ ಎರಡು ದಿನ

ರಜೆಗೆಂದು ಊರಿಗೆ ಹೋದರೆ ವಿಶ್ರಾಂತಿ ಸಿಗದೆಂಬುದು ಸದಸ್ಯರೆಲ್ಲರಿಗೂ ತಿಳಿದ ಮಾತೇ. ಮದುವೆ, ಗೃಹಪ್ರವೇಶ, ನೆಂಟರ ಮನೆಯ ಊಟಗಳಲ್ಲಿ ಮೂರು ವಾರ ಮುಗಿದೇ ಹೋಗುತ್ತದೆ. ಅದಕ್ಕೇ ಈ ಬಾರಿ ವಿಮಾನ ಹತ್ತುವ ಮುಂಚಿನ ಶನಿವಾರ, ಭಾನುವಾರ ನಾವು ಇಲ್‌ಫರ್ಡಿನಿಂದ ರಿಚ್ಮಂಡಿನ ಹಳೆಯ ಸ್ನೇಹಿತರ ಮನೆಗೆ ಹೋಗಿ ಉಳಿದೆವು.

ಶನಿವಾರ ಬಿಸಿಬೇಳೆಭಾತು ಉಂಡು ಎಲ್ಲರೂ ಕ್ಯೂ ಉದ್ಯಾನಕ್ಕೆ ಹೋದೆವು. 1848ರಲ್ಲಿ ಕಟ್ಟಿ ಮುಗಿಸಿದ ಪಾಮ್ ಹೌಸ್ ಎಂಬ ಗಾಜಿನ ಮನೆಯೊಳಗೆ ಕಾಲಿಟ್ಟರೆ ನಮ್ಮ ಕರಾವಳಿಯದೇ ಸೆಕೆ! ನಮ್ಮ ಲಾಲ್‌ಬಾಗನ್ನು ಬೆಳೆಸಿದ ಕ್ಯಾಮೆರಾನ್, ಕೃಂಬಿಗಲ್ ಇಬ್ಬರೂ ಕ್ಯೂನಲ್ಲಿ ಪಳಗಿದವರು. ಜರ್ಮನಿಯಲ್ಲಿ ಹುಟ್ಟಿದ ಕೃಂಬಿಗಲ್ 1956ರಲ್ಲಿ ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು. ಅವರಿಗೆ ಊರು ಯಾವುದು? ಈ ಮಾತು ರಾತ್ರಿಯ ಊಟದವರೆಗೂ ನಡೆಯಿತು.

ಅಮ್ಮ ತೀರಿಕೊಂಡ ಮೇಲೆ ಇದು ನಮ್ಮ ಮೊದಲ ಪ್ರಯಾಣ. ಊರಿನ ಮನೆಯನ್ನು ಮಾರುವುದೋ, ಇಟ್ಟುಕೊಳ್ಳುವುದೋ ತೀರ್ಮಾನವಾಗಬೇಕಿತ್ತು. ತಮ್ಮ ಮನೆಯನ್ನು ಎಂದೋ ಮಾರಿದ್ದ ಸ್ನೇಹಿತರು ಬುದ್ಧಿ ಹೇಳಲಿಲ್ಲ. “ಸಹಿ ಹಾಕುವ ಮುಂಚೆ ಮಕ್ಕಳನ್ನು ನಾಲ್ಕು ರಾತ್ರಿ ಅಲ್ಲಿ ಮಲಗಿಸಿ. ನಮ್ಮ ಮಕ್ಕಳಿಗೆ ಆ ಮನೆ ಬರೀ ಫೋಟೋ” ಎಂದಷ್ಟೇ ಅಂದರು.

ನೆಂಟರ ಊಟಗಳಲ್ಲಿ ಕೆಲವನ್ನು ಬಿಟ್ಟು ಆ ನಾಲ್ಕು ರಾತ್ರಿಗಳನ್ನು ಈಗಲೇ ತೆಗೆದಿರಿಸಿದ್ದೇವೆ. ಹೊರಡುವ ಮುನ್ನ ನೀವೂ ಹಳೆಯ ಸ್ನೇಹಿತರೊಡನೆ ಎರಡು ದಿನ ಕೂತು ಬನ್ನಿರಿ.